ರಾಹುಕಾಲ ಕಳೆದು ಹಾಕಿದ ಸಹಿ

ನನ್ನ ಅತ್ತೆಯಿಂದ ಫೋನಿನಲ್ಲಿ ಸಹಿ ಹಾಕಿಸಿದವಳು ನಾನೇ. ಅದು ಸಹಿಯೇ ಅಲ್ಲ ಎಂದು ಇವತ್ತಿಗೂ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ.

ನಮ್ಮದು ಮದರಾಸಿಗೆ ಬಂದು ಎಷ್ಟೋ ತಲೆಮಾರಾದ ಮಾಧ್ವರ ಮನೆ. ಈಗಿರುವುದು ವೇಲಚೇರಿಯ ಫ್ಲ್ಯಾಟಿನಲ್ಲಿ. ಅತ್ತೆ ಮಡಿಯಲ್ಲಿ ಮಾಡುವ ಪುಳಿಯೋಗರೆ ಗೊಜ್ಜನ್ನು ನಾನು ಬಾಟಲಿಗೆ ತುಂಬಿ ಆನ್‌ಲೈನಿನಲ್ಲಿ ಮಾರುತ್ತಿದ್ದೆ. ಅದನ್ನು ತಿಂದು ನೋಡಿದ ಒಂದು ಕಂಪನಿಯವರು, ಮಾಡುವ ಕ್ರಮ ಹೇಳಿಕೊಡಿ, ನಾವೇ ದೊಡ್ಡದಾಗಿ ಮಾಡುತ್ತೇವೆ, ಬಾಟಲಿಯ ಮೇಲೆ ಅಜ್ಜಿಯ ಫೋಟೋ ಹಾಕುತ್ತೇವೆ ಎಂದರು. ಮಾತುಕತೆಯೆಲ್ಲ ಮೇಲ್‌ನಲ್ಲೇ ಆಯಿತು. ಒಪ್ಪಂದವೂ ಫೋನಿಗೇ ಬಂತು. ಲಿಂಕ್ ತೆರೆದು ಓದಬೇಕು, ಆಧಾರ್ ನಂಬರು ಹಾಕಬೇಕು, ಬಂದ ಒಟಿಪಿ ಒತ್ತಬೇಕು. ಅಷ್ಟಾದರೆ ಸಹಿ ಆದಂತೆ.

ಲಿಂಕ್ ಬಂದಾಗ ರಾಹುಕಾಲ. ಅತ್ತೆ ಫೋನನ್ನು ದೇವರ ಮುಂದೆ ಮಗುಚಿಟ್ಟು, "ಈಗ ಬೇಡ. ಸಹಿ ಅಂದ್ರೆ ಸಹಿನೇ. ಇದು ಮುಗೀಲಿ, ಅಪ್ಪುರಂ ಒತ್ತೋಣ," ಎಂದರು. ರಾಹುಕಾಲ ಮುಗಿಯುವಷ್ಟರಲ್ಲಿ ಲಿಂಕಿನ ಗಡುವೂ ಮುಗಿದಿತ್ತು. ನಾನು ನಾಚಿಕೆ ಬಿಟ್ಟು ಮೇಲ್ ಬರೆದೆ: ರಾಹುಕಾಲವಿತ್ತು, ತಡವಾಯಿತು, ಹೊಸ ಲಿಂಕ್ ಕಳಿಸಿ. ಹಿಂದೆ ನಿಂತಿದ್ದ ಅತ್ತೆ, "ಈರುಳ್ಳಿ ಬೆಳ್ಳುಳ್ಳಿ ಹಾಕಕೂಡ್ದು ಅಂತಾನೂ ಬರಿ," ಎಂದರು. ಅದನ್ನೂ ಬರೆದೆ, ಒಪ್ಪಿದರೆ ಮಾತ್ರ ಸಹಿ ಎಂದೂ ಸೇರಿಸಿದೆ. ಮ್ಯಾನೇಜರ್ ಕೂಡಲೇ ಉತ್ತರಿಸಿದ: ಒಪ್ಪಿದ್ದೇವೆ, ಈರುಳ್ಳಿ ಬೆಳ್ಳುಳ್ಳಿ ಎಂದೂ ಇಲ್ಲ, ಒಳ್ಳೆಯ ಹೊತ್ತು ನೋಡಿಯೇ ಸಹಿ ಹಾಕಿ. ಕೊನೆಗೊಂದು ನಗುಮುಖ. ಅದನ್ನು ನೋಡಿ ನಾವೂ ನಕ್ಕೆವು. ಹೊಸ ಲಿಂಕ್ ಬಂದಾಗ ಒಳ್ಳೆಯ ಹೊತ್ತು ನೋಡಿ ಅತ್ತೆ ಒಟಿಪಿ ಒತ್ತಿದರು.

ಕೆಲವು ತಿಂಗಳಾದ ಮೇಲೆ ಮಠದಲ್ಲಿ, ತೀರ್ಥಕ್ಕೆ ನಿಂತ ಸಾಲಿನಲ್ಲೇ, ಅತ್ತೆಯ ಹಳೆಯ ಪರಿಚಯದ ಹೆಂಗಸೊಬ್ಬರು ಕೇಳಿದರಂತೆ: "ಏನ್ರೀ, ನಿಮ್ಮನೇಲಿ ಈಗ ಬೆಳ್ಳುಳ್ಳಿ ನಡೆಯತ್ತಾ?" ಅವರ ಸೊಸೆ ತರಿಸಿದ ಹೊಸ ಬಾಟಲಿಯ ಮೇಲೆ ಬೆಳ್ಳುಳ್ಳಿ ಗೊಜ್ಜು ಎಂದಿತ್ತು. ಕೆಳಗೆ, ಕಚ್ಚೆ ಸೀರೆಯುಟ್ಟ ನನ್ನ ಅತ್ತೆಯ ಫೋಟೋ. ಅವತ್ತಿನಿಂದ ಅತ್ತೆ ಮಠಕ್ಕೆ ಹೋಗುವುದು ನಿಂತಿತು. ಬೆಳಿಗ್ಗೆ ಸೀರೆಯುಟ್ಟು ಬಾಗಿಲವರೆಗೆ ಬಂದು ತಿರುಗಿ ಒಳಗೆ ಹೋಗುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

ನನ್ನ ಗಂಡನಿಗೆ ಜಗಳವೆಂದರೆ ಆಗದು. "ಸ್ಟಾಂಪ್ ಪೇಪರ್ ಇಲ್ಲ, ಇಂಕ್ ಇಲ್ಲ. ಕೋರ್ಟಲ್ಲಿ ನಿಲ್ಲಲ್ಲ ಕಣೇ, ಬಿಟ್ಬಿಡು," ಎಂದರು. ಬಿಡುವುದಂತೆ! ನಾನು ಕೂತು ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಓದಿದೆ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಕೇಳಿದ್ದು ಮೇಲ್‌ನಲ್ಲಿ, ಒಪ್ಪಿದ್ದು ಮೇಲ್‌ನಲ್ಲಿ ಎಂದರೂ ಒಪ್ಪಂದ ಒಪ್ಪಂದವೇ. ಅತ್ತೆಗೆ ಓದಿ ಹೇಳಿದೆ. "ಸಹಿ ಅಂದ್ರೆ ಸಹಿನೇ ಅಂತ ನಾನು ಅವತ್ತೇ ಹೇಳ್ಲಿಲ್ವಾ," ಎಂದರು.

ಇಬ್ಬರೂ ಕಂಪನಿಯ ಆಫೀಸಿಗೆ ಹೋದೆವು. ನಗುಮುಖ ಹಾಕಿದ್ದ ಅದೇ ಮ್ಯಾನೇಜರ್ ಕಾಫಿ ತರಿಸಿ, ಅತ್ತೆಯನ್ನು ಪಾಟ್ಟಿ, ಅಂದರೆ ಅಜ್ಜಿ, ಎಂದು ಕರೆಯುತ್ತ ತಮಿಳಿನಲ್ಲಿ ಸಮಾಧಾನ ಹೇಳಿದ. ಬೆಳ್ಳುಳ್ಳಿಯದು ಬರೀ ಮೇಲ್‌ನ ಮಾತು ಪಾಟ್ಟಿ, ಸಹಿ ಮಾಡಿದ ಕಾಗದವಿದ್ದರೆ ತೋರಿಸಿ ಎಂದ. ಯಾರ ಕಿವಿಗೆ ಹೂವಿಡಲು ಬಂದಿದ್ದ!

ನಾನೂ ತಮಿಳಿನಲ್ಲೇ ಜಾಡಿಸಿದೆ. "ಇವರ ಫೋಟೋ ಹಾಕೋದಕ್ಕೆ ಒಪ್ಪಿಗೆ ಇದೆ ಅಂತೀರಲ್ಲ, ಆ ಕಾಗದ ಮೊದಲು ನೀವು ತೋರಿಸಿ."

ಅದು ಆಧಾರ್ ಮೂಲಕ ಹಾಕಿದ ಸಹಿ, ಅದಕ್ಕೆ ಕಾಗದ ಬೇಕಿಲ್ಲ, ಕಾನೂನೇ ಒಪ್ಪುತ್ತದೆ ಎಂದ.

"ಆ ಸಹಿ ಬಿದ್ದದ್ದೇ ನಿಮ್ಮ ಮೇಲ್ ನಂಬಿ. ನಿಮಗೆ ಬೇಕಾದಾಗ ಫೋನು ಸಾಕ್ಷಿ, ಬೇಡದಿದ್ದಾಗ ಬರೀ ಹರಟೆಯಾ? ಮೇಲ್ ನಡೆಯತ್ತೆ ಅಂದ್ರೆ ಬೆಳ್ಳುಳ್ಳಿ ತೆಗೀರಿ. ನಡೆಯಲ್ಲ ಅಂದ್ರೆ ಫೋಟೋ ತೆಗೀರಿ."

ಪಾಟ್ಟಿಗೆ ಇದೆಲ್ಲ ಏನು ತಿಳಿದೀತು, ಸುಮ್ಮನೆ ಒತ್ತಿರುತ್ತಾರೆ ಎಂದು ಅವನು ಹಲ್ಲು ಕಿರಿದ. ಅತ್ತೆ ಕಾಫಿ ಲೋಟವನ್ನು ಆಚೆ ಸರಿಸಿದರು. ಸಿಟ್ಟು ಬಂದರೆ ಅವರು ತಮಿಳು ಕನ್ನಡ ಎರಡನ್ನೂ ಕಲಸಿಬಿಡುತ್ತಾರೆ. "ಸುಮ್ನೆ ಒತ್ತೋಳು ರಾಹುಕಾಲ ಕಳೀಲಿ ಅಂತ ಕಾಯ್ತಾಳಾ ಕಣ್ಣಾ? ನಿನ್ನ ಉತ್ತರ ಓದಿಸಿ ಕೇಳಿ, ಅಪ್ಪುರಂ ತಾನೇ ಒತ್ತಿದ್ದು."

ಅವನ ನಗು ಇಂಗಿತು. ಒಳಗೆ ಹೋಗಿ ಯಾರೊಡನೆಯೋ ಮಾತಾಡಿ, ಒಂದು ಕಾಗದ ಹಿಡಿದು ಬಂದ. ಫೋಟೋ ತೆಗೆದುಹಾಕುತ್ತೇವೆ, ಆದರೆ ಇನ್ನು ತಕರಾರಿಲ್ಲ ಎಂದು ಪಾಟ್ಟಿ ಇಲ್ಲಿ ಪೆನ್ನಿನಲ್ಲಿ ಒಂದು ಸಹಿ ಹಾಕಲಿ ಎಂದ. ಅತ್ತೆ ಕಾಗದವನ್ನು ಮುಟ್ಟಲೂ ಇಲ್ಲ. "ಪೇನಾ ಬೇಡಪ್ಪಾ. ಮೊದ್ಲು ನೀನು ಮೇಲ್ ಹಾಕು," ಎಂದು ಎದ್ದರು.

ಆಟೋ ವೇಲಚೇರಿ ಮುಟ್ಟುವ ಮೊದಲೇ ಮೇಲ್ ಬಂತು. ತಪ್ಪಾಯಿತು, ಬೆಳ್ಳುಳ್ಳಿಯ ಬಾಟಲಿಗಳನ್ನೆಲ್ಲ ವಾಪಸು ತರಿಸಿ, ಅವುಗಳ ಮೇಲಿನ ಫೋಟೋ ತೆಗೆದುಹಾಕುತ್ತೇವೆ ಎಂದು ಬರೆದಿದ್ದ. ಈ ಸಲ ನಗುಮುಖವಿರಲಿಲ್ಲ. ಓದಿ ಹೇಳಿದೆ. ಅತ್ತೆ ಆಟೋದವನಿಗೆ ಮಠದ ದಾರಿ ಹೇಳಿದರು. ಇಳಿಯುವಾಗ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಬಾ, ಆ ಬೆಳ್ಳುಳ್ಳಿ ಕೇಳಿದೋಳು ಇದಾಳಾ ನೋಡೋಣ," ಎಂದು ನನಗಿಂತ ಮುಂದೆ ನಡೆದರು.