ಜಾಕೆಟ್ಟಿನಲ್ಲಿ ಉಳಿದ ತೋಟೆ

ನಾನು ಆ ಕೆಲಸದಲ್ಲಿದ್ದಷ್ಟು ವರ್ಷವೂ ಊರಿಗೆ ಬಂದಾಗಲೆಲ್ಲ ನೆಂಟರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನಿಂತುಹೋದ ಕರೆಂಟ್ ಫ್ಯಾಕ್ಟರಿಗೆ ಎಂಥ ಕಾವಲು ಮಾರಾಯ್ತಿ? ಅಲ್ಲಿಂದ ಯಾರು ಎಂಥ ಕದೀತಾರೆ?" ನನಗೆ ಸಿಟ್ಟು ಬರುತ್ತಿತ್ತು. ಕಡಲ ತೀರದ ಆ ಅಣು ವಿದ್ಯುತ್ ಸ್ಥಾವರದ ರಿಯಾಕ್ಟರ್ ನಿಂತದ್ದು ನಿಜ. ಅದನ್ನು ಇನ್ನೆಂದೂ ಚಾಲೂ ಮಾಡುವುದಿಲ್ಲ, ಒಂದೊಂದೇ ಭಾಗ ಬಿಚ್ಚುತ್ತಿದ್ದರು. ಆದರೆ ಉರಿದು ಮುಗಿದ ಇಂಧನ ಇನ್ನೂ ಒಳಗೆ ನೀರಿನ ಕೊಳದಲ್ಲೇ ಇತ್ತು. ಅದು ಅಲ್ಲಿರುವವರೆಗೆ ಕಾವಲಿನಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡುವಂತಿರಲಿಲ್ಲ. ಬಿಚ್ಚುವ ಕೆಲಸಕ್ಕೆ ದಿನವೂ ಹೊಸ ಹೊಸ ಗುತ್ತಿಗೆಯಾಳುಗಳು ಬರುತ್ತಿದ್ದುದರಿಂದ ಮೊದಲಿಗಿಂತ ಬಿಗಿಯೇ ಹೆಚ್ಚು. ಇದನ್ನೆಲ್ಲ ಹಂದಿ ಸಾರು ಬಡಿಸಿಕೊಳ್ಳುತ್ತಿರುವ ಚಿಕ್ಕಪ್ಪನಿಗೆ ಹೇಳಿ ಏನು ಪ್ರಯೋಜನ? ಸುಮ್ಮನೆ ನಕ್ಕುಬಿಡುತ್ತಿದ್ದೆ.

ಗೇಟಿನ ಪಾಸ್ ವಿಭಾಗ ನನ್ನದು. ಒಳಗೆ ಹೋಗುವವರ ಊರು, ಮನೆ, ಪೊಲೀಸ್ ವರದಿ ಎಲ್ಲ ನೋಡಿ ಪಾಸ್ ಕೊಡುವವಳೂ ನಾನೇ, ಕಿತ್ತುಕೊಳ್ಳುವವಳೂ ನಾನೇ. ಬೆನ್ನ ಹಿಂದೆ ನನಗೆ 'ಅತ್ತೆ' ಅಂತ ಹೆಸರಿಟ್ಟಿದ್ದರು. ಒಮ್ಮೆ ಒಬ್ಬ ವೆಲ್ಡರ್ ಊಟದ ಚೀಲದಲ್ಲಿ ಮೊಬೈಲ್ ಮರೆತು ಬಂದು ಸಿಕ್ಕಿಬಿದ್ದ. ಮರೆತೆ ಮೇಡಂ ಎಂದು ಕೈಮುಗಿದ. ಮರೆತೆ ಅನ್ನುವುದು ಕಾರಣವಲ್ಲ ಎಂದು ಬರೆದು ಅವನ ಪಾಸ್ ರದ್ದು ಮಾಡಿದೆ. ಮೊಬೈಲಿಗೇ ಹೀಗಾದರೆ ಮದ್ದುಗುಂಡಿನ ವಿಷಯ ಕೇಳಲೇಬೇಡಿ. ಸ್ಥಾವರದ ಒಳಗಾಗಲಿ ಹೊರಗಾಗಲಿ, ನೌಕರರ ಕೈಯಲ್ಲಿ ಅಕ್ರಮವಾಗಿ ಅಂಥದ್ದು ಇತ್ತೆಂದು ಗೊತ್ತಾದರೆ ಪಾಸ್ ಹೋಗುತ್ತದೆ, ಪಾಸಿನೊಂದಿಗೆ ಕೆಲಸವೂ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ನನಗೂ ಮಗಳಿಗೂ ಇದ್ದದ್ದು ಆ ಕೆಲಸ ಮತ್ತು ಅದರ ಜೊತೆ ಕೊಟ್ಟ ಕ್ವಾರ್ಟರ್ಸು.

ಆ ವರ್ಷ ಕೈಲ್ ಮುಹೂರ್ತಕ್ಕೆ, ನಮ್ಮ ಕಡೆಯ ಆಯುಧಪೂಜೆಯ ಹಬ್ಬಕ್ಕೆ, ಒಬ್ಬಳೇ ಊರಿಗೆ ಬಂದೆ. ಮಗಳಿಗೆ ಪರೀಕ್ಷೆಯಿತ್ತು, ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದೆ. ನಮ್ಮದು ರಾಜರ ಕಾಲದಿಂದ ಬಂದ ಜಮ್ಮಾ ಹಿಡುವಳಿಯ ಮನೆ, ಅಂಥವರ ಕೋವಿಗೆ ಲೈಸೆನ್ಸ್ ಬೇಡ. ಕೋವಿಯ ನಡುವೆಯೇ ಬೆಳೆದವರು ನಾವು. ದೇವರ ಕೋಣೆಯ ಗೋಡೆಗೆ ಕತ್ತಿ, ಮೊರ, ಕೋವಿ ಎಲ್ಲ ಒಂದೇ ಸಾಲಿನಲ್ಲಿ ತೂಗುತ್ತವೆ. ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಮಧ್ಯಾಹ್ನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅಣ್ಣ ನನ್ನ ಕೈಗೂ ಎರಡು ತೋಟೆ ಕೊಟ್ಟ. ಹೆಬ್ಬೆರಳಿನಷ್ಟು ದಪ್ಪದ ಕೆಂಪು ತೋಟೆಗಳು, ಬುಡದಲ್ಲಿ ಹಿತ್ತಾಳೆ. ಮೊದಲನೆಯದು ಗುರಿ ತಪ್ಪಿ ಎಲ್ಲರೂ ನಕ್ಕರು. ಎರಡನೆಯದನ್ನು ತುಂಬುವ ಮೊದಲೇ ಚಿಕ್ಕಪ್ಪನ ಮಗ ಕಾಯಿ ಉದುರಿಸಿದ. ಮಳೆ ಜೋರಾಯಿತು, ಅತ್ತಿಗೆ ಊಟಕ್ಕೆ ಕರೆದಳು, ಎಲ್ಲರೂ ಒಳಗೆ ಓಡಿದೆವು.

ಮರುದಿನ ಬೆಳಿಗ್ಗೆ ಮಡಿಕೇರಿಯಲ್ಲಿ ಕಣ್ಣೂರಿನ ಬಸ್ಸು ಹತ್ತಿದೆ. ಅಲ್ಲಿಂದ ಮುಂದಕ್ಕೆ ರೈಲು. ವಿರಾಜಪೇಟೆ ದಾಟಿ ಘಾಟಿ ಇಳಿಯುವಾಗ ಚಳಿಯೆನಿಸಿ ಜಾಕೆಟ್ಟಿನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ತಣ್ಣನೆಯ ಹಿತ್ತಾಳೆ ತಾಗಿತು.

ಅದೇನೆಂದು ತಿಳಿಯಲು ನೋಡಬೇಕಾಗಿರಲಿಲ್ಲ. ಅಷ್ಟರಲ್ಲಿ ಬಸ್ಸು ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ನಿಂತಿತು. ಮುಂದಿನ ಸೇತುವೆ ದಾಟಿದರೆ ಕೇರಳ. ನಮ್ಮ ವಿನಾಯಿತಿ ಏನಿದ್ದರೂ ಸೇತುವೆಯ ಈಚೆಗೆ. ಆಚೆಗೆ ಅದೇ ತೋಟೆ ಜಾಮೀನು ಸಿಗದ ಕೇಸು. ಇಳಿದು ಪೊಲೀಸರ ಕೈಗೆ ಕೊಟ್ಟುಬಿಡಬಹುದಿತ್ತು. ಈಚೆ ಬದಿಯವರು, ಹಬ್ಬದ ಮಾರನೇ ದಿನ, ಬೈದು ಕಳಿಸುತ್ತಿದ್ದರೋ ಏನೋ. ಆದರೆ ಹೆಸರು ಬರೆದುಕೊಳ್ಳುತ್ತಿದ್ದರು, ಆ ಹೆಸರು ಒಂದಲ್ಲ ಒಂದು ದಿನ ಪೊಲೀಸ್ ವರದಿಯಾಗಿ ನನ್ನದೇ ಮೇಜಿಗೆ ಬರುತ್ತಿತ್ತು. ನಾನು ಎದ್ದೇಳಲಿಲ್ಲ.

ಒಬ್ಬ ಪೇದೆ ಹತ್ತಿ ಒಂದೊಂದೇ ಚೀಲ ಬಿಚ್ಚಿಸುತ್ತಾ ಬಂದ. ನನ್ನ ಮುಂದಿನ ಸೀಟಿನ ಅಜ್ಜಿಯ ಉಪ್ಪಿನಕಾಯಿ ಭರಣಿಯನ್ನೂ ಬಿಡಲಿಲ್ಲ. ನಾನು ಜೇಬಿನಲ್ಲಿ ಮುಷ್ಟಿ ಬಿಗಿದು ಕೂತಿದ್ದೆ. ಕೈ ಬೆವರಿ ತೋಟೆ ಜಾರುತ್ತಿತ್ತು.

"ಎಲ್ಲಿಗೆ ಮೇಡಂ?"

ಎಡಗೈಯಿಂದ ಗುರುತಿನ ಚೀಟಿ ತೆಗೆದು ತೋರಿಸಿದೆ. ಅದರ ಮೇಲಿದ್ದ ಲಾಂಛನ ನೋಡಿ ಅವನು ನೆಟ್ಟಗೆ ನಿಂತ.

"ಓ, ಸೆಕ್ಯೂರಿಟಿಯವ್ರಾ? ಕೂತ್ಕೊಳಿ ಮೇಡಂ, ನಿಮ್ಮದೇನು ನೋಡೋದು."

ಅವನು ಹಿಂದಿನ ಸೀಟಿಗೆ ಹೋದ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಹೆದರಿಕೆ ಇಮ್ಮಡಿಯಾಯಿತು. ಹೊಸಬರಿಗೆ ತರಬೇತಿ ಕೊಡುವಾಗ ನಾನೇ ಹೇಳುತ್ತಿದ್ದೆ, ಗೌರವಕ್ಕೆ ಕಟ್ಟುಬಿದ್ದು ಯಾರನ್ನೂ ಒಳಗೆ ಬಿಡಬೇಡಿ, ಅಪಾಯ ಬರುವುದು ಅಂಥವರಿಂದಲೇ ಎಂದು. ಇಷ್ಟು ಸುಲಭ ಎಂದು ನನಗೇ ಗೊತ್ತಿರಲಿಲ್ಲ. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ವಾಂತಿ ಬಂದವಳಂತೆ ಕಿಟಕಿಗೆ ಬಗ್ಗಿ ಅದನ್ನು ಹೊಳೆಗೆ ಬಿಟ್ಟೆ. ಕೆಂಪು ನೀರಿನಲ್ಲಿ ಅದು ಬಿದ್ದದ್ದೂ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಪಾಪ ಎಂದು ನಿಂಬೆಹಣ್ಣು ಕೊಟ್ಟಳು.

ಸ್ಥಾವರದ ಗೇಟಿನಲ್ಲಿ ಜಾಕೆಟ್ಟನ್ನು ಮೂರು ಸಲ ಕೊಡವಿ ತಪಾಸಣೆಯ ಯಂತ್ರದೊಳಗೆ ಬಿಟ್ಟೆ. ಏನೂ ಸದ್ದಾಗಲಿಲ್ಲ. ಆದರೂ ಮುಂದಿನ ದಿನಗಳಲ್ಲಿ ಅನ್ನ ಸೇರಲಿಲ್ಲ. ಯಾರಾದರೂ ಸುಮ್ಮನೆ ಊರು ಹೇಗಿತ್ತು ಎಂದು ಕೇಳಿದರೂ ಮಾತು ಬದಲಿಸುತ್ತಿದ್ದೆ.

ಒಂದು ವಾರ ಕಳೆದಿತ್ತು. ಹಗಲು ಹನ್ನೊಂದರ ಹೊತ್ತಿಗೆ ಮೇಜಿನ ಫೋನು ಬಡಿದುಕೊಂಡಿತು. ನಮ್ಮ ಮೊಬೈಲುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿರುತ್ತಿದ್ದವು, ಮನೆಯವರಿಗೆ ತುರ್ತು ಬಂದರೆ ಇದ್ದದ್ದು ಈ ಒಂದೇ ಫೋನು. ಇದರಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಒಬ್ಬರು ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಕೇಳುತ್ತಲೂ ಇರುತ್ತಿದ್ದರು.

ಅಣ್ಣನ ದನಿ ನಡುಗುತ್ತಿತ್ತು. "ಎಸ್ಟೇಟಿನ ಮೇಲ್ಬದೀಲಿ ಯಾರೋ ಕಡವೆ ಹೊಡ್ದಿದ್ದಾರೆ. ಫಾರೆಸ್ಟ್‌ನವ್ರು ಮನೆ ಮನೆ ಕೋವಿ, ತೋಟೆ ನೋಡ್ತಾ ಬಂದ್ರು. ನಮ್ಮಲ್ಲಿ ಹೊಡ್ದ ಖಾಲಿಗಳನ್ನೂ ಲೆಕ್ಕ ಹಾಕಿ ಅಂಗಡಿ ಬಿಲ್ಲಿಗೆ ಒಂದು ತೋಟೆ ಕಮ್ಮಿ ಉಂಟು. ಎಲ್ಲಿ ಹೋಯ್ತೂಂತ ನಂಗೆ ಗೊತ್ತಿಲೆ."

ನಾನು ಪಕ್ಕದ ಕೋಣೆಯ ಬಾಗಿಲತ್ತ ನೋಡಿದೆ. ಅಣ್ಣ ನಿಲ್ಲಿಸಲಿಲ್ಲ.

"ನಮ್ಮ ಲೈನ್‌ಮನೆಯ ಕೂಲಿಯವನು ಹಬ್ಬದ ದಿನ ಕಾಯಿ ಕಟ್ಟಲಿಕ್ಕೆ ಮರ ಹತ್ತಿದ್ದನಲ್ಲ, ಅವನೇ ಕದ್ದದ್ದೂಂತ ಹಿಡ್ಕೊಂಡಿದ್ದಾರೆ. ಹೆಂಡ್ತಿ ಮಕ್ಕಳು ಅಂಗಳದಲ್ಲಿ ಬಿದ್ಕೊಂಡು ಅಳ್ತಾ ಇದ್ದಾರೆ. ನೀ ಏನಾದ್ರೂ ನೋಡಿದ್ಯಾ?"

"ಅಣ್ಣಾ, ಸಂಜೆ ನಾನೇ ಮಾಡ್ತೇನೆ. ಸಂಜೆ ಮಾತಾಡುವ."

"ಸಂಜೆಗೆ ಎಂಥ ಮಾತಾಡುದು? ಜೀಪಿಗೆ ಹತ್ತಿಸಿ ಆಯ್ತು. ಒಂದ್ಸಲ ಜೈಲಿಗೆ ಹೋದ್ರೆ ಅವನನ್ನು ಬಿಡಿಸುವವರು ಯಾರು?"

ಗೊತ್ತಿಲ್ಲ ಎಂದುಬಿಟ್ಟರೆ ಸಾಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು. ಫೋನಿನಲ್ಲಿ ಹಿಂದಿನಿಂದ ಒಂದು ಹೆಂಗಸಿನ ಅಳು ಕೇಳುತ್ತಿತ್ತು, ಅದರ ಮೇಲೆ ಜೀಪಿನ ಎಂಜಿನ್ ಚಾಲೂ ಆದ ಸದ್ದು.

"ಅವನನ್ನು ಇಳಿಸ್ಲಿಕ್ಕೆ ಹೇಳು ಅಣ್ಣಾ. ತೋಟೆ ನನ್ನ ಜಾಕೆಟ್ಟಲ್ಲಿ ಬಂದಿತ್ತು."

ಅಣ್ಣ ಓಡುತ್ತಿದ್ದುದು ಕೇಳಿಸಿತು, ಅಂಗಳದ ಜಲ್ಲಿಕಲ್ಲಿನ ಸದ್ದು, ಯಾರನ್ನೋ ಕೂಗಿದ್ದು. ಆಮೇಲೆ ಏದುಸಿರಿನಲ್ಲಿ ಹೇಳಿದ.

"ಇವ್ರು ನಂಬುದಿಲ್ಲೆ. ಸ್ಪೀಕರಿಗೆ ಹಾಕಿದ್ದೇನೆ. ಇನ್ನೊಂದು ಸಲ ಹೇಳು. ಗಟ್ಟಿಯಾಗಿ ಹೇಳು."

ಗಟ್ಟಿಯಾಗಿಯೇ ಹೇಳಿದೆ. ನನ್ನ ಹೆಸರು, ಹುದ್ದೆ, ಪಾಸ್ ನಂಬರು, ತೋಟೆಯ ಬಣ್ಣ, ಮಾಕುಟ್ಟ, ಸೇತುವೆ, ಹೊಳೆ. ಎದುರಿನವರು ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿದೆ. ಎಂಜಿನ್ ನಿಂತಿತು. ಜೀಪಿನ ಬಾಗಿಲು ತೆರೆದ ಸದ್ದಾಯಿತು. ಅಳು ಒಮ್ಮೆ ಜೋರಾಗಿ, ಆಮೇಲೆ ಬೇರೆಯೇ ತರಹದ ಅಳುವಾಯಿತು.

ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಸರಿಯಿತು. ಫೋನಿಟ್ಟು ಎದ್ದು ನಿಂತೆ. ಕುತ್ತಿಗೆಯ ಪಾಸ್ ಬಿಚ್ಚಿ ಮೇಜಿನ ಮೇಲಿಟ್ಟೆ.