ಡೋಬ್ರಿ ನಿಲ್ಲಿಸದ ಹಾಡು

ವಲ್ಚಾನ್ ತಾತ ಸತ್ತಿದ್ದು ನನ್ನ ತಮ್ಮ ಡೋಬ್ರಿಯಿಂದ ಅಂತ ನಮ್ಮೂರಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ದು ಡೋಬ್ರಿ ಒಬ್ಬನೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಇಲ್ಲಿ ಕುಂಬಳಕಾಯಿ ಕಳುವಾಗಿದೆ ಅಂತಾನೂ ಯಾರೂ ಅಂದಿರಲಿಲ್ಲ, ಇವನು ಹೆಗಲು ಉಜ್ಜಿಕೊಳ್ತಾ ಕೂತಿದ್ದ. ಯಾರಾದ್ರೂ ಒಬ್ಬರು ಮುಖಕ್ಕೆ ಉಗಿದು "ಹೌದು ಕಣೋ, ನಿನ್ನಿಂದಾನೇ" ಅಂದುಬಿಟ್ಟಿದ್ರೆ ಚೇತರಿಸಿಕೊಳ್ತಿದ್ದನೇನೋ. ನಾನು ಅನ್ನಲಿಲ್ಲ. ಒಡಹುಟ್ಟಿದವನಿಗೆ ಹಾಗನ್ನೋಕೆ ಬಾಯಿ ಬರಲ್ಲ.

ಡೋಬ್ರಿ ಹುಟ್ಟಾ ಪುಕ್ಕಲು. ಚಿಕ್ಕವನಾಗಿದ್ದಾಗ ಬಾವಿಗೆ ಬಗ್ಗಿ ನೋಡ್ತಿರಲಿಲ್ಲ, ದೊಡ್ಡವನಾದ ಮೇಲೆ ಮದುವೆಗೂ ಹೆದರಿದ. ತುಂಜಾ ಹೊಳೆ ಪಕ್ಕದ ನೂಲಿನ ಗಿರಣಿಯಲ್ಲಿ ಕರೆಂಟಿನ ಕೆಲಸ ಮಾಡ್ತಿದ್ದ. ಅಲ್ಲಿ ಅವನ ಕಣ್ಣೆದುರೇ ಒಬ್ಬನಿಗೆ ಶಾಕ್ ಹೊಡೆದು ಕೈ ಸುಟ್ಟುಹೋಗಿತ್ತು. ಆಮೇಲಂತೂ ನಮ್ಮನೆಗೆ ಬಂದ್ರೆ ಮೊದಲು ಗೋಡೆಯ ಪ್ಲಗ್ಗುಗಳನ್ನ ನೋಡಿ, ಆಮೇಲೆ ನನ್ನ ಮಾತಾಡಿಸ್ತಿದ್ದ. ಗಿರಣಿ ಮುಚ್ಚಿದ ಮೇಲೆ ನನ್ನ ಹೋಟೆಲಿಗೆ ಬಂದ. ಹೋಟೆಲಿನ ಹಿಂದೆ ದೊಡ್ಡ ಹಾಲ್ ಇದೆ, ಊರಿನ ಮದುವೆ, ನಾಮಕರಣ ಎಲ್ಲ ಅಲ್ಲೇ. ತಟ್ಟೆ ಎತ್ತೋಕೆ ಅಂತ ಬಂದವನು ಮೂಲೆಯಲ್ಲಿ ನಿಂತು ಹಾಡು ಹಾಕೋಕೆ ಶುರು ಮಾಡಿದ. ಆಮೇಲೆ ಬುರ್ಗಾಸ್ ಪಟ್ಟಣದಲ್ಲಿ ಮುಚ್ಚಿಹೋದ ಒಂದು ಡಿಸ್ಕೊದಿಂದ ಆ ಯಂತ್ರ ತಂದ.

ಯಂತ್ರ ಅಂದ್ರೆ ಎರಡು ಕಪ್ಪು ಡಬ್ಬಿ. ಒಂದರಲ್ಲಿ ಅಕ್ಕಪಕ್ಕ ಸಿಡಿ ಹಾಕೋ ಎರಡು ಟ್ರೇ. ಇನ್ನೊಂದರ ತುಂಬ ಗುಂಡಿಗಳು, ಚಕ್ರಗಳು, ಹಾಡಿನ ವೇಗ ಹೆಚ್ಚುಕಮ್ಮಿ ಮಾಡೋ ಜಾರುಗುಂಡಿಗಳು. ಎರಡೂ ಡಬ್ಬಿಗಳ ನಡುವೆ ಒಂದು ಕೇಬಲ್. ಒಂದು ಸಿಡಿ ಹಾಲಿಗೆಲ್ಲ ಕೇಳಿಸ್ತಿರೋವಾಗ, ಇನ್ನೊಂದನ್ನ ಅವನು ಹೆಡ್‌ಫೋನಲ್ಲಿ ಒಬ್ಬನೇ ಕೇಳ್ಕೊಂಡು, ತಾಳ ಸರಿಮಾಡಿ, ಸಿದ್ಧವಾಗಿಟ್ಕೊಳ್ತಿದ್ದ. ಮೊದಲನೇ ಹಾಡಿನ ಬಾಲಕ್ಕೆ ಎರಡನೇದರ ತಲೆ ಅಂಟಿಸೋ ಕೆಲಸ ಅದು.

ತಂದ ದಿನವೇ ಅದನ್ನ ಮಗುಚಿ ಹಾಕಿ ತಳದ ಸ್ಕ್ರೂ ಬಿಚ್ಚೋಕೆ ಕೂತ.

"ಬಂದ ಗಳಿಗೇಲೇ ಹೊಟ್ಟೆ ಬಗೀತಿದೀಯಲ್ಲೋ," ಅಂದೆ.

"ಹೊಟ್ಟೆ ಬಗೀತಿಲ್ಲ ಅಕ್ಕ. ದಾರೀಲಿ ಕುಲುಕಾಡಿ ಒಳಗಿಂದು ಹಾಳಾಗಬಾರದು ಅಂತ ಈ ಸ್ಕ್ರೂ ಬಿಗಿದಿರ್ತಾರೆ. ತೆಗೀದೆ ಚಾಲೂ ಮಾಡಿದ್ರೆ ಅಲ್ಲಿಗೆ ಮುಗೀತು. ಮುಚ್ಚಳ ಮಾತ್ರ ನಾನು ತೆಗೆಯಲ್ಲ, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕೇಡು."

ಮೇಜಿನ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಒಂದು ಕಾಲಿಗೆ ರಟ್ಟು ಕೊಟ್ಟ. ಬಿಸಿಯಾಗೋ ಆಂಪ್ಲಿಫೈಯರನ್ನ ಯಂತ್ರದಿಂದ ದೂರ ಇಟ್ಟ. ಸ್ಪೀಕರಿನಿಂದ ಗುಂಯ್ ಅಂತ ಶಬ್ದ ಬಂದಾಗ ಯಾರೋ ಬುದ್ಧಿವಂತರು "ಪ್ಲಗ್ಗಿನ ಅರ್ಥಿಂಗ್ ಮೇಲೆ ಟೇಪ್ ಸುತ್ತಿಬಿಡು, ನಿಲ್ಲತ್ತೆ" ಅಂದ್ರು. ಡೋಬ್ರಿ ಅವರನ್ನ ಕೆಕ್ಕರಿಸಿ ನೋಡಿ, ಎಲ್ಲ ವೈರನ್ನೂ ಒಂದೇ ಪ್ಲಗ್ಗಿನ ಬೋರ್ಡಿಗೆ ತಂದು ಹಾಕಿದ. ಶಬ್ದ ನಿಂತಿತು. ಚಾಲೂ ಮಾಡೋವಾಗ ಆಂಪ್ಲಿಫೈಯರು ಕೊನೆಗೆ, ಆರಿಸೋವಾಗ ಮೊದಲು. ನಾನೊಮ್ಮೆ ಹಿಂದುಮುಂದು ಮಾಡಿ, ಸ್ಪೀಕರು ಧಡ್ ಅಂದು, ಅಡುಗೆಮನೆಯವರೆಲ್ಲ ಓಡಿಬಂದಿದ್ರು.

ಆ ಚಳಿಗಾಲದ ಮದುವೆಯೊಂದರಲ್ಲಿ, ಪಕ್ಕದೂರಿಗೆ ಹೋಗಿಬಂದ ವ್ಯಾನಿನಿಂದ ತಣ್ಣಗೆ ಕೊರೆಯೋ ಯಂತ್ರವನ್ನ ಬೆಚ್ಚಗಿನ ಹಾಲಿಗೆ ತಂದಿಟ್ಟು, ಸುಮ್ಮನೆ ಕೂತುಬಿಟ್ಟ. ಬೀಗರು ಬಾಗಿಲಿಗೆ ಬಂದಿದಾರೆ, ಹಾಡಿಲ್ಲ.

"ಲೋ, ಅದೇನು ಹಸುಗೂಸಾ, ಮೈ ಬೆಚ್ಚಗಾಗೋವರೆಗೂ ಕಾಯೋಕೆ?"

"ಹಾಗೇ ಅಂದ್ಕೋ. ಒಳಗಿನ ಗಾಜಿನ ಮೇಲೆ ಬೆವರು ಕೂತಿರತ್ತೆ. ಆರದೆ ಹಾಕಿದ್ರೆ ಸಿಡಿ ಓದಲ್ಲ. ಹೊರೊ ಕುಣಿತದ ನಡುವೆ ನಿಂತುಹೋದ್ರೆ ಈ ಬೀಗರು ನನ್ನ ಸುಲೀತಾರೆ."

ಹಾಡು ಹಾಕೋನಿಗೆ ರಕಿಯಾ ಅನ್ನೋ ಹಣ್ಣಿನ ಸಾರಾಯಿ ತಂದುಕೊಡೋದು ನಮ್ಮಲ್ಲಿ ಮರ್ಯಾದೆ, ಬೇಡ ಅನ್ನೋದು ಅವಮಾನ. ಡೋಬ್ರಿ ಬೇಡ ಅನ್ನಲಿಲ್ಲ, ಮಾರು ದೂರಕ್ಕೊಂದು ಸ್ಟೂಲ್ ಹಾಕಿದ. ಎಂಥ ದೊಡ್ಡ ಮನುಷ್ಯ ಬಂದ್ರೂ ಲೋಟ ಅಲ್ಲೇ. "ಯಂತ್ರದ ಮೇಲೆ ಒಂದು ಹನಿ ಬಿದ್ರೂ ನಾನು ಮನೆಗೆ ಹೋಗ್ತೀನಿ" ಅಂತಿದ್ದ. ಇಷ್ಟು ಜೋಪಾನದ ಮನುಷ್ಯ ಅವನು. ಯಾರಿಗೂ ಒಂದು ಗೀರು ಕೂಡ ಆಗಬಾರದು ಅಂತ ಬದುಕಿದವನು.

ಹೊರೊ ವಿಷಯ ಹೇಳಬೇಕು. ಕೈಕೈ ಹಿಡಿದು ಸಾಲಾಗಿ ಕುಣಿಯೋದು. ಸಾಲಿನ ತಲೆಯಲ್ಲಿರೋನ ಕೈಯಲ್ಲಿ ಬಿಳಿ ಕರವಸ್ತ್ರ. ಹಾಡು ನಡೀತಿರೋವಾಗ ಅವನು ಸಾಲು ಬಿಟ್ಟು ಹೋಗೋ ಹಾಗಿಲ್ಲ. ಹೋದ್ರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ತಾರೆ. ಸಾಕಾದ್ರೆ ಕರವಸ್ತ್ರ ಕೆಳಗಿಳಿಸ್ತಾನೆ, ವಾದ್ಯ ಊದೋನು ಅದನ್ನ ನೋಡಿ ಹಾಡು ಮುಗಿಸ್ತಾನೆ. ಅವನು ಇಳಿಸದೇ ಇದ್ರೂ ಊದೋನೇ ಉಸಿರು ಕಟ್ಟಿ ನಿಲ್ಲಿಸ್ತಾನೆ. ಹೀಗೇ ನಡೆದುಬಂದಿದ್ದು.

ನಮ್ಮೂರಲ್ಲಿ ಕ್ಲಾರಿನೆಟ್ ಊದ್ತಿದ್ದೋನು ಇಲ್ಚೊ. ಡೋಬ್ರಿಯ ಡಬ್ಬಿ ಬಂದ ಮೇಲೆ ಇಲ್ಚೊನ ಕರೆಯೋರು ಕಡಿಮೆಯಾದ್ರು. ಕರೀಲಿ ಬಿಡ್ಲಿ, ಮದುವೆ ಊಟಕ್ಕಂತೂ ಬರ್ತಿದ್ದ. ಬಂದವನು ಯಂತ್ರದ ಎದುರಿನ ಮೇಜಿಗೇ ಕೂತು, ಡೋಬ್ರಿ ಒಂದು ಹಾಡಿಗೆ ಇನ್ನೊಂದು ಸೇರಿಸಿದ ತಕ್ಷಣ ಬೆರಳು ಎತ್ತಿಬಿಡ್ತಿದ್ದ. ಹೊಲಿಗೆ ಸಿಕ್ತು ಅಂತ. ಸುತ್ತ ಕೂತೋರು ಘೊಳ್ ಅಂತ ನಗೋರು.

"ಮೂರು ಕಾಸಿನ ದರ್ಜಿ ಕಣೋ ನೀನು," ಅಂತಿದ್ದ ಇಲ್ಚೊ. "ಹೊಲಿಗೆ ಹೊರಗಡೇನೇ ಕಾಣತ್ತೆ."

ಪುಕ್ಕಲರಿಗೆ ರೋಷ ಒಳಗೊಳಗೇ ಜಾಸ್ತಿ. ಡೋಬ್ರಿ ಹಗಲೆಲ್ಲ ಖಾಲಿ ಹಾಲಿನಲ್ಲಿ ಕೂತು ಹೆಡ್‌ಫೋನ್ ಹಾಕ್ಕೊಂಡು ಸೇರಿಸೋದನ್ನ ರೂಢಿ ಮಾಡ್ಕೊಂಡ. ಇಲ್ಚೊನ ಬೆರಳು ಒಂದು ಸಲ ಏಳದೇ ಇರಬೇಕು, ಅಷ್ಟೇ ಅವನ ಆಸೆ.

ಸೆಪ್ಟೆಂಬರ್ ಕೊನೆಯಲ್ಲಿ ರಲಿಟ್ಸಾ ಮದುವೆ ಬಂತು. ತಂದೆ ತಾಯಿ ಇಲ್ಲದ ಹುಡುಗಿ, ವಲ್ಚಾನ್ ತಾತ, ಗೀನಜ್ಜಿ ಇಬ್ಬರೇ ಸಾಕಿದ ಮೊಮ್ಮಗಳು. ಮದುಮಗಳು ಹೊಸ್ತಿಲಲ್ಲಿ ತಾಮ್ರದ ಬಿಂದಿಗೆ ಒದೆಯೋವಾಗ ನೀರು ಹರಿಯತ್ತಲ್ಲ, ಅದಕ್ಕೇ ಡೋಬ್ರಿ ಬೆಳಗ್ಗೆಯೇ ಬಂದು ವೈರುಗಳನ್ನೆಲ್ಲ ಗೋಡೆ ಮೇಲೆ ಎತ್ತಿ ಕಟ್ಟಿದ್ದ. ಮಧ್ಯಾಹ್ನ ಊಟ ಅರ್ಧಕ್ಕೆ ಬಂದಾಗ ತಾತ ಎದ್ದ. ಎಂಬತ್ತು ದಾಟಿದ ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕರವಸ್ತ್ರ. "ನನ್ನ ಮಗಳ ಸಾಲು ನಾನೇ ಎಳೀಬೇಕು" ಅಂದ. ಮೊಮ್ಮಗಳನ್ನ ಅವನು ಮಗಳು ಅಂತಾನೇ ಕರೀತಿದ್ದಿದ್ದು.

ಮೊದಲನೇ ಹಾಡು ಮುಗೀತಾ ಬಂತು, ಡೋಬ್ರಿ ಎರಡನೇದನ್ನ ಸೇರಿಸಿದ. ಇಲ್ಚೊ ಬೆರಳು ಎತ್ತಿದ, ಆದ್ರೆ ಸ್ವಲ್ಪ ತಡವಾಗಿ. ಡೋಬ್ರಿಗೆ ಅಷ್ಟೇ ಸಾಕಾಯ್ತು. ಮೂರನೇದನ್ನ ಹೆಡ್‌ಫೋನಲ್ಲಿ ಹಿಡಿದು, ವೇಗ ಕೂದಲೆಳೆಯಷ್ಟು ಜಾಸ್ತಿ ಮಾಡಿ, ಎರಡೂ ತಾಳ ಕೂಡೋ ಹಾಗೆ ಮಾಡಿದ. ಸರಿಯಾಗಿ ಆ ಗಳಿಗೆಯಲ್ಲಿ ತಾತ ಕರವಸ್ತ್ರ ಇಳಿಸಿದ. ನಾನು ಅಡುಗೆಮನೆ ಬಾಗಿಲಲ್ಲಿ ಕುರಿಮಾಂಸದ ತಟ್ಟೆ ಹಿಡಿದು ನಿಂತಿದ್ದೆ, ನನಗೆ ಕಾಣಲಿಲ್ಲ. ಡೋಬ್ರಿಗೆ ಕಂಡಿತು. ಇದೊಂದು ಆಗಲಿ, ಆಮೇಲೆ ನಿಲ್ಲಿಸ್ತೀನಿ ಅಂದ್ಕೊಂಡನಂತೆ. ಕೈ ಜರುಗಿಸಿದ. ಮೂರನೇ ಹಾಡು ಬಂತು.

ಇಲ್ಚೊನ ಬೆರಳು ಏಳಲಿಲ್ಲ.

ಹಾಡು ನಿಲ್ಲಲಿಲ್ಲವಲ್ಲ, ತಾತ ಕರವಸ್ತ್ರವನ್ನ ಮತ್ತೆ ಮೇಲೆತ್ತಿ ಕುಣಿದ. ಸಾಲು ಹಾಲಿಗೆ ಒಂದು ಸುತ್ತು ಬಂತು. ಆಮೇಲೆ ಅವನು ಮದುಮಗಳ ಕೈ ಬಿಡದೇನೇ ಮೊಣಕಾಲೂರಿ ಕೂತ, ಹಾಗೇ ಪಕ್ಕಕ್ಕೆ ವಾಲಿದ. ಡೋಬ್ರಿ ಎಲ್ಲ ವೈರನ್ನೂ ಒಟ್ಟಿಗೆ ಹಿಡಿದು ಕಿತ್ತ. ಯಾಂಬೊಲ್ ಆಸ್ಪತ್ರೆಯ ದಾರಿಯಲ್ಲೇ ತಾತ ಹೋಗಿಬಿಟ್ಟ.

ಊರು ಏನಂತು ಗೊತ್ತಾ? ಪುಣ್ಯವಂತ ಅಂತು. ಹಾಸಿಗೆ ಹಿಡೀಲಿಲ್ಲ, ಯಾರ ಕೈಲೂ ಮಾಡಿಸ್ಕೊಳ್ಳಲಿಲ್ಲ, ಮೊಮ್ಮಗಳ ಮದುವೇಲಿ ಕುಣೀತಾ ಕುಣೀತಾ ಹೋದ. ಇಂಥ ಸಾವು ಯಾರಿಗುಂಟು ಯಾರಿಗಿಲ್ಲ. ಮಣ್ಣಿಗೆ ಹೋದಾಗ ಜನ ಡೋಬ್ರಿಯ ಬೆನ್ನು ತಟ್ಟಿದ್ರು. ಇಲ್ಚೊ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಆ ಕೊನೇ ಹೊಲಿಗೆ ನನಗೆ ಸಿಗಲೇ ಇಲ್ಲ ಮಾರಾಯ. ಒಪ್ಪಿಕೊಂಡೆ" ಅಂದ. ಡೋಬ್ರಿ ಸ್ಮಶಾನದ ಗೋಡೆ ಹಿಂದೆ ಹೋಗಿ, ಜನ ಎಲ್ಲ ಹೋಗೋವರೆಗೂ ಅಲ್ಲೇ ಕೂತ.

ಆ ಸಂಜೆ ನನ್ನೆದುರು ಬಾಯಿಬಿಟ್ಟ. ನಾನು, "ವಯಸ್ಸಾಗಿತ್ತು ಕಣೋ, ಮೊದಲಿಂದಾನೂ ಎದೆನೋವಿತ್ತು. ಮೆಟ್ಟಿಲು ಹತ್ತೋವಾಗ ಆಗಬಹುದಿತ್ತು" ಅಂದೆ.

"ಮೆಟ್ಟಿಲು ಹತ್ತೋವಾಗ ಆಗಲಿಲ್ಲವಲ್ಲ ಅಕ್ಕ. ನನ್ನ ಕೈಯಲ್ಲಿ ಆಯ್ತು. ಸಾಕು ಅಂತ ಹೇಳಿದ, ನಾನು ಕೇಳಲಿಲ್ಲ."

ಪಾದ್ರಿಗಳ ಹತ್ತಿರ ಹೋದ. ಅವರು ಮೇಣದ ಬತ್ತಿ ಹಚ್ಚು, ಮನಸ್ಸಿಗೆ ಹಚ್ಚಿಕೋಬೇಡ ಅಂದ್ರು. ಇಲ್ಚೊನ ಹತ್ತಿರ ಹೋದ. ಇಲ್ಚೊ ನಕ್ಕುಬಿಟ್ಟ.

"ತಾತನಿಗೆ ಕಾಲಿರಲಿಲ್ವಾ? ಸಾಲು ಬಿಟ್ಟು ಬರಬಹುದಿತ್ತು."

"ಮೊಮ್ಮಗಳ ಮದುವೇಲಿ? ನೀನಾಗಿದ್ರೆ ಬರ್ತಿದ್ಯಾ?"

ಇಲ್ಚೊ ಲೋಟ ಖಾಲಿ ಮಾಡಿ ಎದ್ದುಹೋದ.

ಅಕ್ಟೋಬರಿನಲ್ಲಿ ಇನ್ನೊಂದು ಮದುವೆ ಇತ್ತು. ಡೋಬ್ರಿ ಒಂದೊಂದು ಹಾಡಾದ ಮೇಲೂ ನಿಲ್ಲಿಸಿಬಿಡೋನು. ಹಾಲೆಲ್ಲ ಗಪ್‌ಚುಪ್. ಕುಣಿಯೋರು ಕಾಲೆತ್ತಿದ ಹಾಗೇ ನಿಂತು, "ಏನಯ್ಯ, ಡಬ್ಬಿಗೆ ಬಿಕ್ಕಳಿಕೆ ಬಂತಾ?" ಅಂತ ಕೂಗೋರು. ಗಂಡಿನ ಅಪ್ಪ ಅಡುಗೆಮನೆಗೇ ಬಂದು ನನ್ನ ತರಾಟೆಗೆ ತಗೊಂಡ. ನನಗೂ ಪಿತ್ತ ನೆತ್ತಿಗೇರಿತು.

"ನನ್ನ ಹಾಲಿಗೆ ಬೀಗ ಹಾಕಿಸ್ತೀಯೇನೋ?"

"ಉಸಿರು ಬಿಡ್ಲಿ ಅಕ್ಕ," ಅಂದ. ಅಷ್ಟೇ ಅಂದಿದ್ದು. ಅವನ ಕಣ್ಣು ಮುಂದುಗಡೆ ಸಾಲಿನಲ್ಲಿದ್ದ ಒಬ್ಬೊಬ್ಬ ಮುದುಕನ ಮುಖವನ್ನೂ ಹುಡುಕ್ತಾ ಇತ್ತು. ಬೈಯೋಕೆ ಬಂದವಳು ಸುಮ್ಮನೆ ಒಳಗೆ ಹೋದೆ. ನನ್ನ ತಮ್ಮ ಹೀಗೇ ಇದ್ರೆ ಕೈತಪ್ಪಿ ಹೋಗ್ತಾನೆ ಅಂತ ಆವತ್ತು ನನಗೆ ಖಾತ್ರಿಯಾಯ್ತು. ರಾತ್ರಿ ಹಾಲ್ ಖಾಲಿಯಾದ ಮೇಲೆ, "ಗೀನಜ್ಜಿಗೆ ಹೇಳಿಬಿಡು," ಅಂದೆ. "ಕ್ಷಮಿಸಿದ್ರೆ ಅವಳು ಕ್ಷಮಿಸಬೇಕು, ಶಪಿಸಿದ್ರೂ ಅವಳೇ ಶಪಿಸಬೇಕು. ಊರೆಲ್ಲ ಸುತ್ತಿ ಏನು ಪ್ರಯೋಜನ?"

ನಲವತ್ತನೇ ದಿನದ ಕಾರ್ಯಕ್ಕೆ ಇಬ್ಬರೂ ಹೋದ್ವಿ. ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಹಾಕಿ ಹಂಚ್ತಾರೆ. ಕೈಗೆ ತಗೊಂಡೋರೆಲ್ಲ "ದೇವರು ಕ್ಷಮಿಸಲಿ" ಅನ್ನಬೇಕು. ಸತ್ತವರಿಗೆ ಅನ್ನೋ ಮಾತು ಅದು, ಪ್ರತಿ ಸಲ ಕೇಳಿದಾಗಲೂ ಡೋಬ್ರಿ ತಲೆ ತಗ್ಗಿಸ್ತಿದ್ದ. ಜನ ಚದುರಿದ ಮೇಲೆ ಗೀನಜ್ಜಿ ಒಬ್ಬಳೇ ಸಮಾಧಿಗೆ ದ್ರಾಕ್ಷಾರಸ ಸುರೀತಿದ್ಲು. ನಾನು ಇವನ ಬೆನ್ನಿಗೆ ಕೈಯಿಟ್ಟು ತಳ್ಳಿದೆ.

"ಅಜ್ಜಿ, ತಾತ ಕರವಸ್ತ್ರ ಇಳಿಸಿದ್ದನ್ನ ನಾನು ನೋಡಿದೆ. ನೋಡಿಯೂ ಇನ್ನೊಂದು ಹಾಡು ಬಿಟ್ಟೆ."

ಅಜ್ಜಿ ಸುರಿಯೋದನ್ನ ನಿಲ್ಲಿಸಲಿಲ್ಲ. "ನಂಗೊತ್ತು," ಅಂದ್ಲು.

ಡೋಬ್ರಿಗೆ ಅರ್ಥವಾಗಲಿಲ್ಲ. "ಏನು ಗೊತ್ತು ಅಜ್ಜಿ?"

"ನಮ್ಮ ಮುದುಕನ ಕೈ ಇಳಿದ ತಕ್ಷಣ ನಾನು ನಿನ್ನ ಕಡೆ ತಿರುಗಿದೆ. ಈಗ ನಿಲ್ಲಿಸ್ತಾನೆ ಅಂದ್ಕೊಂಡೆ. ನೀನು ಇಲ್ಚೊ ಮುಖ ನೋಡ್ಕೊಂಡು ನಗ್ತಾ ಇದ್ದೆ."

ಡೋಬ್ರಿ ಅಜ್ಜಿಯ ಕಾಲ ಬಳಿ ಕೂತ. "ಬೈಯಿ ಅಜ್ಜಿ. ಬೇಕಾದ್ರೆ ಎರಡು ಹೊಡಿ."

"ಬೈದ್ರೆ ನಿನ್ನ ಎದೆ ಹಗುರ ಆಗತ್ತೆ ಕಣೋ. ನನ್ನದು?" ಬಾಟಲಿಗೆ ಬಿರಡೆ ಹಾಕಿದ್ಲು. ಗೇಟಿನ ಹತ್ತಿರ ರಲಿಟ್ಸಾ ಬರೋದು ಕಾಣ್ತಿತ್ತು, ಕಪ್ಪು ಬಟ್ಟೆ, ಬೆರಳಲ್ಲಿ ಹೊಸ ಉಂಗುರ. ಅಜ್ಜಿ ದನಿ ತಗ್ಗಿಸಿದ್ಲು. "ಮದುವೆ ದಿನವೇ ತಾತನ್ನ ಕಳ್ಕೊಂಡ ಹುಡುಗಿ. ಖುಷಿಯಾಗಿ ಹೋದ ಅನ್ನೋದೊಂದೇ ಅವಳಿಗೆ ಉಳಿದಿರೋದು. ಅದನ್ನೂ ಕಿತ್ಕೊಂಡ್ರೆ ನಿನ್ನ ನಾನು ನಿಜವಾಗ್ಲೂ ಶಪಿಸ್ತೀನಿ. ಎದ್ದೇಳು."

ಡೋಬ್ರಿ ಎದ್ದ. ರಲಿಟ್ಸಾ ನೆಟ್ಟಗೆ ಬಂದು ಅವನ ಎರಡೂ ಕೈ ಹಿಡ್ಕೊಂಡ್ಲು.

"ಡೋಬ್ರಿ ಚಿಕ್ಕಪ್ಪ, ಆವತ್ತಿಂದ ನಿನಗೊಂದು ಮಾತು ಹೇಳಬೇಕು ಅಂತಿದ್ದೆ. ತಾತ ಅಷ್ಟು ಹೊತ್ತು ಕುಣಿದಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಆ ಕೊನೇ ಹಾಡು ಹಾಕಿದೆಯಲ್ಲ, ಅದು ತಾತನಿಗೆ ಅಂತಾನೇ ಹಾಕಿದ್ದು ಅಲ್ವಾ?"

ಡೋಬ್ರಿ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಗೀನಜ್ಜಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ಹೌದು ಮಗಳೇ," ಅಂದ ಡೋಬ್ರಿ. "ತಾತನಿಗೆ ಅಂತಾನೇ ಹಾಕಿದ್ದು."