ಲಿಮ್ ಅಂಕಲ್ ಚಾಕುವಿಗೆ ಕುಂಕುಮ

ಆಸ್ಪತ್ರೆಯಿಂದ ಮರಳಿ ಬಂದು ತಮ್ಮ ಪೆಟ್ಟಿಗೆ ತೆರೆದ ಲಿಮ್ ಅಂಕಲ್ ಹಾಗೇ ನಿಂತುಬಿಟ್ಟರು. ಅವರ ಹಳೆಯ ಚಾಕುವಿನ ಹಿಡಿಯಲ್ಲಿದ್ದ ನಾಜಿ ಲಾಂಛನ ಅರಿಸಿನ ಕುಂಕುಮದಡಿ ಮುಚ್ಚಿಹೋಗಿತ್ತು.

ಲಿಮ್ ಅಂಕಲ್ ಮಲೇಷ್ಯಾದ ಕ್ಲಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಒಂಟಿ. ಕೋವಿಡ್ ಆಗಿ ಆಸ್ಪತ್ರೆಗೆ ಹೊರಟಾಗ ಆ ಪೆಟ್ಟಿಗೆಯನ್ನು ನಮ್ಮ ಗೇಟಿನ ಬಳಿ ಇಟ್ಟು ಹೋಗಿದ್ದರು. ನಾಜಿಗಳ ಕಾಲದಲ್ಲಿ ಅವರ ಯುವದಳ ಸೇರಿದ ಜರ್ಮನಿಯ ಹುಡುಗರು ಸೊಂಟಕ್ಕೆ ಕಟ್ಟುತ್ತಿದ್ದ ಚಾಕು ಅದು. ಹಳೆಯ ವಸ್ತುಗಳನ್ನು ಸಂಗ್ರಹಿಸುವ ಅಂಕಲ್, ನಕಲಿಗಳೇ ಹೆಚ್ಚಾದ್ದರಿಂದ, ಅಲಗಿನ ಮೇಲಿನ ತಯಾರಕರ ಗುರುತನ್ನು ಭೂತಗನ್ನಡಿಯಲ್ಲಿ ನೋಡಿಯೇ ಕೊಂಡಿದ್ದರಂತೆ. ಬೆವರಿಗೆ ತುಕ್ಕು ಹಿಡಿದೀತೆಂದು ತಾವೂ ಅದನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ.

ವಿಮಾನಗಳಿಲ್ಲದೆ ನಮ್ಮಲ್ಲೇ ಉಳಿದಿದ್ದ ನನ್ನ ಅತ್ತೆ, ಆಯುಧಪೂಜೆಯ ದಿನ ಈಳಿಗೆ, ಕತ್ತರಿ, ಲ್ಯಾಪ್‌ಟಾಪ್‌ಗಳ ಜೊತೆ ಅದನ್ನೂ ಇಟ್ಟು ಪೂಜೆ ಮಾಡಿಬಿಟ್ಟಿದ್ದರು.

ಅತ್ತೆಯೇ ಮುಂದೆ ಬಂದರು. "ಮನೇಲಿರೋ ಆಯುಧ ಅಂದ್ಮೇಲೆ ಬಿಡಕ್ಕಾಗತ್ತಾ? ಇದರಿಂದ ಯಾರಿಗೂ ನೋವಾಗ್ದೆ ಇರ್ಲಿ, ಇದರ ಯಜಮಾನರು ಹುಷಾರಾಗಿ ಬರ್ಲಿ ಅಂತ ಕೇಳ್ಕೊಂಡೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಒರೆಸಲೆಂದು ಬಟ್ಟೆ ತೆಗೆದುಕೊಂಡೆ. ಅಂಕಲ್ ತಡೆದರು.

"ಲೀವ್ ಇಟ್ ಲಾ," ಎಂದರು ತಮ್ಮ ಮಲೇಷ್ಯಾ ಇಂಗ್ಲಿಷಿನಲ್ಲಿ. ಈ ಚಾಕು ಕೊಟ್ಟು ನಾಜಿಗಳು ಮಕ್ಕಳಿಗೆ ದ್ವೇಷ ಕಲಿಸಿದರು, ಇದರ ಮುಂದೆ ಕೂತು ಯಾರಾದರೂ ತಮಗೆ ಒಳ್ಳೆಯದು ಬೇಡಿದ್ದು ಇದೇ ಮೊದಲು ಎಂದು ಹೇಳುವಾಗ ಅವರ ಮಾಸ್ಕ್ ಒದ್ದೆಯಾಗಿತ್ತು.

ಅತ್ತೆ ಮೈಸೂರಿಗೆ ಮರಳಿದ್ದಾರೆ. ಲಿಮ್ ಅಂಕಲ್ ಮಾತ್ರ ಪ್ರತಿ ಆಯುಧಪೂಜೆಗೂ ಪೆಟ್ಟಿಗೆ ಹಿಡಿದು ಬರುತ್ತಾರೆ. ಕೈಗವಸು ಹಾಕಿಕೊಂಡೇ ಚಾಕುವನ್ನು ನಮ್ಮ ಈಳಿಗೆಯ ಪಕ್ಕ ಇಟ್ಟು, ಅತ್ತೆ ಅಂದು ಬೇಡಿಕೊಂಡದ್ದನ್ನೇ ನನ್ನಿಂದ ಕನ್ನಡದಲ್ಲಿ ಹೇಳಿಸುತ್ತಾರೆ.